ಯಾವ ನೀರಿನ ಮೀನು?

ಹೋಟೆಲಿನ ಬಾಗಿಲ ಪಕ್ಕದಲ್ಲೇ ಐಸ್ ತುಂಬಿದ ಸ್ಟೀಲಿನ ತೊಟ್ಟಿ. ಅದರ ಮೇಲೆ ಸಾಲಾಗಿ ಮಲಗಿಸಿದ ಬಂಗುಡೆ, ಒಂದು ಇಡೀ ಅಂಜಲ್, ಅಂಗೈಯಗಲದ ಮಾಂಜಿ, ಪಕ್ಕದಲ್ಲಿ ಒಂದು ಬುಟ್ಟಿ ಸಿಗಡಿ. ನಾವೆಲ್ಲ ಒಳಗೆ ಹೋಗಿ ಟೇಬಲ್ ಹಿಡಿದೆವು. ಅವ್ವ ಬರಲಿಲ್ಲ. ತಿರುಗಿ ನೋಡಿದರೆ ತೊಟ್ಟಿಯ ಮುಂದೆ ನಿಂತಿದ್ದಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ, ಒಂದು ಬಂಗುಡೆಯ ಕಿವಿರಿಗೆ ಹೆಬ್ಬೆರಳು ಹಾಕಿ ಮೇಲೆತ್ತಿದಳು. ನಮ್ಮ ಕಡೆ ಅದನ್ನು ಮೀನಿನ ಕಿವಿ ಅಂತಲೇ ಅನ್ನುವುದು. ಕಿವಿಯೊಳಗೆ ದಾಳಿಂಬೆ ಕಾಳಿನ ಕೆಂಪು. ಕಣ್ಣು ಗುಳಿ ಬಿದ್ದಿರಲಿಲ್ಲ, ಉಬ್ಬಿಕೊಂಡು ಹೊಳೆಯುತ್ತಿತ್ತು. ಬೆನ್ನಿನ ಮೇಲೆ ಬೆರಳೊತ್ತಿ ಬಿಟ್ಟಳು. ತಗ್ಗಾದ ಜಾಗ ಹಾಗೇ ಮೇಲೆದ್ದಿತು. ಕೊನೆಗೆ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡಳು.

ಬಡಿಸುವ ಹುಡುಗ ಓಡಿ ಬಂದ. ಮುಟ್ಟಬೇಡಿ ಅಂತಾನೇನೋ ಎಂದು ನಾನು ಎದ್ದು ನಿಂತೆ. ಅವನು ಸುಮ್ಮನೆ ಕೈಕಟ್ಟಿ ನಿಂತು, ಅವ್ವನ ಪರೀಕ್ಷೆ ಮುಗಿಯುವವರೆಗೂ ಕಾದ.

“ಯಾವ್ ಕೆರೇದಪ್ಪಾ ಇದು?”

“ಕೆರೆಯದ್ದಲ್ಲ ಅಮ್ಮ, ಸಮುದ್ರದ್ದು. ಮಲ್ಪೆಯದ್ದು. ನಿನ್ನೆ ರಾತ್ರಿ ಗಾಡಿಗೆ ಹಾಕಿದ್ದು.”

“ಸರಿ ಹಂಗಾದ್ರೆ,” ಎಂದು ಅವ್ವ ಕೈ ತೊಳೆಯಲು ಹೋದಳು. ಆ ಒಂದು ಪ್ರಶ್ನೆ ಮಾತ್ರ ಊಟ ಮುಗಿದ ಮೇಲೂ ನನ್ನ ಜೊತೆ ಮನೆಗೆ ಬಂತು.

ಚನ್ನಪಟ್ಟಣದಲ್ಲಿ ಹಳೆಯ ಮೈಸೂರು ರಸ್ತೆಯ ಮೇಲೆ ಈ ಕರಾವಳಿ ಮೀನೂಟದ ಹೋಟೆಲು ಬಂದು ಎರಡು ತಿಂಗಳಾಗಿಲ್ಲ. ಆ ರಸ್ತೆಯಲ್ಲಿ ಹೋಟೆಲು ಹಾಕುವುದು ಈಗ ಎಂಥ ಧೈರ್ಯದ ಕೆಲಸ ಎನ್ನುವುದು ಇಲ್ಲಿ ಇರುವವರಿಗೆ ಗೊತ್ತು. ಬೆಂಗಳೂರಿನಿಂದ ಮೈಸೂರಿಗೆ 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಬೈಪಾಸಿನ ಆಚೆಗೆ ಉಳಿದವು. ಅಲ್ಲಿಯವರೆಗೆ ಮೈಸೂರಿಗೆ ಹೋಗುವ ಪ್ರತಿ ಕಾರೂ ನಮ್ಮ ಊರಿನ ನಡುವೆಯೇ ನುಗ್ಗಿ ಹೋಗುತ್ತಿತ್ತು. ಮಕ್ಕಳು ಹಟ ಮಾಡಿದರೆ ಗೊಂಬೆ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಆಲೆ ಮರದ ಬುಗುರಿಯೋ, ಅರಗಿನ ಬಣ್ಣ ಹಚ್ಚಿದ ಗಿಲಕಿಯೋ ಒಂದು ಕೈಗೆ ಬರುತ್ತಿತ್ತು, ಹಾಗೇ ಪಕ್ಕದಲ್ಲಿ ಕಾಫಿ, ಊಟ. ಈಗ ಆ ಕಾರುಗಳು ಊರನ್ನು ನೋಡದೆಯೇ ದಾಟಿಕೊಂಡು ಹೋಗುತ್ತವೆ. ಎಷ್ಟೋ ಅಂಗಡಿಗಳ ಬಾಗಿಲು ಇಳಿದದ್ದನ್ನು ನಾನೇ ಕಂಡಿದ್ದೇನೆ.

ಅಂಥ ರಸ್ತೆಗೆ ಉಡುಪಿ ಕಡೆಯ ಒಬ್ಬರು ಬಂದು ಮೀನಿನ ಹೋಟೆಲು ಹಾಕಿದ್ದಾರೆಂದರೆ ಅವರು ದಾರಿಹೋಕರನ್ನು ನಂಬಿ ಬಂದವರಲ್ಲ. 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಹಳೆಯ ರಸ್ತೆಯಲ್ಲಿ ಓಡಾಡುವವರು ಯಾರಿದ್ದರೂ ಊರಿನವರೇ: ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆ ಬೆಳೆಗಾರರು, ಎಳನೀರು ಸಾಗಿಸುವವರು, ಗೊಂಬೆ ತಿರುಗಿಸುವ ಕುಶಲಕರ್ಮಿಗಳು, ಶಾಲೆ ಮೇಷ್ಟ್ರುಗಳು, ನಮ್ಮಂಥವರು. ಈ ಹೋಟೆಲು ಬದುಕಿದರೆ ನಮ್ಮಿಂದ, ನಮ್ಮ ನಾಲಗೆಯಿಂದ. ನನಗೆ ಅದು ತುಂಬ ಹಿಡಿಸಿತು. ನಮ್ಮನ್ನು ಗಿರಾಕಿಗಳೆಂದು ಎಣಿಸಿ, ನಾವು ಏನು ತಿನ್ನುತ್ತೇವೆ ಎಂದು ಯೋಚಿಸಿ ಒಬ್ಬರು ಒಲೆ ಹಚ್ಚಿದ್ದು ಬಹಳ ದಿನಗಳ ಮೇಲೆ.

ಕರಾವಳಿಯ ಅಡಿಗೆಯವರು ನಮ್ಮ ಸೀಮೆಗೆ ಬಂದದ್ದು ಇದೇ ಮೊದಲೇನಲ್ಲ. ಇಡೀ ಹಳೇ ಮೈಸೂರು ಹೋಟೆಲಿನಲ್ಲಿ ತಿಂಡಿ ತಿನ್ನುವುದನ್ನು ಕಲಿತದ್ದೇ ಅವರಿಂದ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಅಣ್ಣತಮ್ಮಂದಿರ ಜೊತೆ ಬೆಂಗಳೂರಿನಲ್ಲಿ ಮಾವಳ್ಳಿ ಟಿಫಿನ್ ರೂಮು ತೆರೆದದ್ದು 1924ರಲ್ಲಿ. ಅದಕ್ಕೆ ನೂರು ವರ್ಷ ದಾಟಿತು. ಆದರೆ ಘಟ್ಟ ಹತ್ತಿ ಬಂದದ್ದು ಕರಾವಳಿಯ ಅರ್ಧ ಅಡಿಗೆ ಮಾತ್ರ. ಇಡ್ಲಿ, ದೋಸೆ, ಗೋಳಿಬಜೆ, ಸಾಂಬಾರು. ಅಲ್ಲಿನ ಮೊಗವೀರರ ಮನೆಗಳಲ್ಲಿ, ಬಂಟರ, ಬಿಲ್ಲವರ, ಬ್ಯಾರಿಗಳ, ಕ್ರೈಸ್ತರ ಮನೆಗಳಲ್ಲಿ ದಿನಾ ಕುದಿಯುವ ಮೀನಿನ ಸಾರು ಬಹುಕಾಲ ಅಲ್ಲೇ ಉಳಿಯಿತು. ಐಸೂ ಒಳ್ಳೆಯ ರಸ್ತೆಯೂ ಇಲ್ಲದ ಕಾಲದಲ್ಲಿ ಮೀನು ಘಟ್ಟ ಹತ್ತುತ್ತಿದ್ದದ್ದು ಒಣಗಿದ ಮೇಲೆಯೇ. ಸಂತೆಯಲ್ಲಿ ಗೋಣಿಚೀಲದ ಮೇಲೆ ಸುರಿದ ಒಣಮೀನು, ಒಣಸೀಗಡಿ, ಅಷ್ಟೇ ನಮಗೆ ಗೊತ್ತಿದ್ದ ಸಮುದ್ರ. ಅವರೆಕಾಳಿನ ಜೊತೆಗೋ ಬದನೆಕಾಯಿಯ ಜೊತೆಗೋ ಹಿಡಿ ಒಣಸೀಗಡಿ ಬಿದ್ದರೆ ಸಾರಿನ ಘಮ ಪಕ್ಕದ ಬೀದಿಗೆ ಹೋಗುತ್ತಿತ್ತು. ಹಸಿ ಸಮುದ್ರದ ಮೀನು ಬೆಂಗಳೂರಿನವರ ಭಾಗ್ಯವಾಗಿತ್ತು. 1970ರಲ್ಲಿ ಹುಟ್ಟಿದ, ಮಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮ ಮುಂದೆ ಕಬ್ಬನ್ ಪಾರ್ಕಿನಲ್ಲಿ ಮತ್ಸ್ಯದರ್ಶಿನಿ ಎಂಬ ಮೀನೂಟದ ಹೋಟೆಲು ನಡೆಸಿತು. ಕೋರ್ಟು ಕಚೇರಿಯ ಕೆಲಸಕ್ಕೆ ಹೋದ ನಮ್ಮ ಊರಿನವರು ಅಲ್ಲಿ ಮೀನು ಊಟ ಮಾಡಿ ಬಂದು ವಾರಗಟ್ಟಲೆ ಅದನ್ನೇ ಹೇಳುತ್ತಿದ್ದರು. ಸ್ಟಾರ್ ಹೋಟೆಲಿನಲ್ಲಿ ಕರಾವಳಿಯ ಮನೆ ಅಡಿಗೆಗೆ ಜಾಗ ಸಿಕ್ಕಿದ್ದು 1990ರಲ್ಲಿ, ರೆಸಿಡೆನ್ಸಿ ರಸ್ತೆಯ ‘ಕರಾವಳಿ’ ಶುರುವಾದಾಗ. ಅಲ್ಲಿಂದ ಚನ್ನಪಟ್ಟಣಕ್ಕೆ ಅರವತ್ತು ಕಿಲೋಮೀಟರು. ಆ ಅರವತ್ತು ಕಿಲೋಮೀಟರು ದಾಟಲು ಬಂಗುಡೆಗೆ ಇಷ್ಟು ವರ್ಷ ಬೇಕಾಯಿತು.

ನಾವು ಹೋದದ್ದು ಗೌರಿ ಗಣೇಶ ಹಬ್ಬ ಕಳೆದ ಮೇಲಿನ ಭಾನುವಾರ. ಹೋಟೆಲು ತುಂಬಿತ್ತು. ಲೆಕ್ಕದ ಮೇಜಿನಲ್ಲಿದ್ದ ಮಾಲೀಕರು ಹೇಳಿದರು: ಕಟ್ಟಡದ ಕೆಲಸ ಜೂನ್‌ನಲ್ಲೇ ಮುಗಿದಿತ್ತಂತೆ. ಆದರೂ ಆಗಸ್ಟಿನವರೆಗೆ ಬಾಗಿಲು ತೆಗೆಯಲಿಲ್ಲ. “ಮೀನಿಲ್ಲದೆ ಹೋಟೆಲು ತೆರೆದು ಎಂತ ಮಾಡುವುದು?” ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳೂ 10 ಅಶ್ವಶಕ್ತಿ ಮೀರಿದ ಎಂಜಿನ್ ಕಟ್ಟಿದ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು ಊರಿಗೇ ಸಾಲದು. ದೂರದ ರಾಜ್ಯಗಳಿಂದ ತರಿಸಿದ ಮೀನನ್ನು ಐಸಿನಲ್ಲಿಟ್ಟು ಮಾರಿ ಹೆಸರು ಕೆಡಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಹಾಗಾಗಿ ಬಾಡಿಗೆ ಕಟ್ಟಿಕೊಂಡು ಎರಡು ತಿಂಗಳು ಕೂತರು. ಆಮೇಲೆ ತೆರೆದರೆ ಎದುರಾದದ್ದು ನಮ್ಮ ಶ್ರಾವಣ. ಶ್ರಾವಣ ಶನಿವಾರ ನಮ್ಮ ಮನೆಗಳಲ್ಲಿ ಬಾಡಿನ ಪಾತ್ರೆ ಅಟ್ಟದ ಮೇಲೆ; ಕೆಲವರಂತೂ ಇಡೀ ತಿಂಗಳು ಮುಟ್ಟುವುದಿಲ್ಲ. ಕಡಲು ಎರಡು ತಿಂಗಳು ಬಾಗಿಲು ಹಾಕಿಸಿತು, ಊರು ಇನ್ನೊಂದು ತಿಂಗಳು. ಮಾಲೀಕರು ಇದನ್ನು ದೂರಿನಂತೆ ಹೇಳಲಿಲ್ಲ. ಕಡಲಿಗೆ ಒಂದು ಕಟ್ಟುಪಾಡಿದ್ದ ಹಾಗೆ ಊರಿಗೂ ಒಂದಿದೆ, ತಿಳಿದುಕೊಂಡೆವು ಎನ್ನುವಂತೆ ಹೇಳಿದರು.

ಬಂಗುಡೆ ಪುಳಿಮುಂಚಿ ಬಂತು, ಅಂಜಲ್ ತವಾ ಫ್ರೈ ಬಂತು, ನೀರುದೋಸೆ ಬಂತು. ಪುಳಿಮುಂಚಿ ಎಂದರೆ ಹುಳಿ ಮತ್ತು ಮೆಣಸು, ಹೆಸರಿನಲ್ಲೇ ಎಲ್ಲ ಇದೆ. ಬ್ಯಾಡಗಿಯ ಕೆಂಪು, ಹುಣಸೆಯ ಕಪ್ಪು ಎರಡೂ ಸೇರಿ ಹಳೆಯ ಇಟ್ಟಿಗೆಯ ಬಣ್ಣ. ಅದರಲ್ಲಿ ತೆಂಗಿನಕಾಯಿ ಇಲ್ಲ, ಮಸಾಲೆ ಮೀನಿನ ಮೈಗೆ ಹೊದಿಕೆಯ ಹಾಗೆ ಅಂಟಿಕೊಂಡಿತ್ತು. ನನ್ನ ಮಗಳು ಅಂಜಲ್ ತುಂಡಿನಲ್ಲಿ ನಡುಮುಳ್ಳೊಂದು ಬಿಟ್ಟರೆ ಮುಳ್ಳೇ ಇಲ್ಲ ಎಂದು ಬೆರಗಾದಳು. ಗಸಿಯ ಬಟ್ಟಲು ಬಂದಾಗ ಅವ್ವ ಕೇಳಿದಳು: “ಮುದ್ದೆ ಐತಾ?”

ಇತ್ತು. ಶುರುವಾದ ಮೊದಲ ವಾರದಲ್ಲೇ ಎಲ್ಲರೂ ಇದನ್ನೇ ಕೇಳಿದರಂತೆ. ಕರಾವಳಿಯ ಅಡಿಗೆಯವರಿಗೆ ಕುಚ್ಚಲಕ್ಕಿ ಬಸಿಯಲು ಬರುತ್ತದೆ, ಮುದ್ದೆ ಕೂಡಿಸಲು ಬರುವುದಿಲ್ಲ. ಹಿಟ್ಟು ಗಂಟು ಕಟ್ಟಿತಂತೆ. ಕೊನೆಗೆ ಪಕ್ಕದ ಹಳ್ಳಿಯ ಹೆಂಗಸೊಬ್ಬರನ್ನು ಮುದ್ದೆಗೆಂದೇ ಇಟ್ಟುಕೊಂಡಿದ್ದಾರೆ. ಅಡಿಗೆಮನೆಯ ಕಿಂಡಿಯಲ್ಲಿ ಅವರು ಕಾಣುತ್ತಿದ್ದರು. ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು ಎರಡೂ ಕೈಯಲ್ಲಿ ಕೋಲು ತಿರುವುತ್ತಿದ್ದರು. ಪಕ್ಕದ ಒಲೆಯಲ್ಲಿ ಕಾವಲಿಯ ಮೇಲೆ ಬಂಗುಡೆ ಚಟಗುಟ್ಟುತ್ತಿತ್ತು.

ಅವ್ವ ಮುದ್ದೆ ಮುರಿದು, ಗಸಿಯಲ್ಲಿ ಅದ್ದಿ ಬಾಯಿಗಿಟ್ಟು, ಒಂದು ಗಳಿಗೆ ಸುಮ್ಮನಾದಳು. ಮುದ್ದೆ ಅಗಿಯುವ ಊಟ ಅಲ್ಲ, ನುಂಗುವ ಊಟ. ಅದು ಗಂಟಲಲ್ಲಿ ಇಳಿಯಬೇಕಾದರೆ ಸಾರು ನೀರಾಗಿರಬೇಕು, ತುತ್ತಿನ ಸುತ್ತ ಹರಿಯಬೇಕು. ಗಸಿ ಕಾಯಿ ಅರೆದು ಮಂದ ಮಾಡಿದ್ದು, ಅನ್ನಕ್ಕೂ ದೋಸೆಗೂ ಹೇಳಿ ಮಾಡಿಸಿದ್ದು. ಹುಡುಗ ಬಂದು “ಹೇಗುಂಟು ಅಮ್ಮ?” ಅಂದ. “ರುಚಿ ಬಲು ಚೆಂದಾಗೈತೆ ಕಣ್ ಮಗ. ಆದ್ರೆ ಸಾರು ಗಟ್ಟಿಯಾಯ್ತು. ಮುದ್ದೆ ಜಾರಾಕಿಲ್ಲ.” ಅವನು ಅದನ್ನು ಒಳಗೆ ಹೋಗಿ ಹೇಳಿದ.

ಅವ್ವ ಬಂಗುಡೆ ತಿನ್ನುವುದನ್ನು ನೋಡುತ್ತಾ ನನಗೆ ಚಿಕ್ಕಂದಿನ ರಾತ್ರಿಗಳು ನೆನಪಾದವು. ಕೆರೆ ಮೀನಿನ ಸಾರು ಮಾಡಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ದೀಪವನ್ನು ತಟ್ಟೆಗಳ ನಡುವೆ ತಂದಿಡುತ್ತಿದ್ದರು. ಗೆಂಡೆ, ಕಾಟ್ಲಾಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ, ಕೂದಲಿನಷ್ಟು ತೆಳ್ಳಗೆ. ಅವ್ವ ಪ್ರತಿ ತುಂಡನ್ನೂ ತನ್ನ ತಟ್ಟೆಯಲ್ಲಿ ಬಿಡಿಸಿ, ಬೆರಳ ತುದಿಯಲ್ಲಿ ತಡವಿ, ಮುಳ್ಳಿಲ್ಲ ಎಂದು ಖಾತ್ರಿಯಾದ ಮೇಲೆ ನಮ್ಮ ತಟ್ಟೆಗೆ ಹಾಕುತ್ತಿದ್ದಳು. ಅಷ್ಟಾದರೂ ಒಂದು ಸಿಕ್ಕಿಕೊಂಡರೆ ಬೆನ್ನು ತಟ್ಟುತ್ತಿರಲಿಲ್ಲ, ಬರಿಯ ಮುದ್ದೆಯ ದೊಡ್ಡ ತುತ್ತು ಮಾಡಿ ಕೊಡುತ್ತಿದ್ದಳು, ನುಂಗು ಎಂದು. ನಮಗೆಲ್ಲ ಬಡಿಸಿ ಮುಗಿಯುವ ಹೊತ್ತಿಗೆ ಅವಳ ತಟ್ಟೆಯಲ್ಲಿ ತಲೆ ಮಾತ್ರ ಉಳಿದಿರುತ್ತಿತ್ತು. ತಲೆಯೇ ರುಚಿ ಅನ್ನುತ್ತಿದ್ದಳು. ಬಂಗುಡೆಯ ತಲೆಯನ್ನೂ ಆ ದಿನ ಅವಳು ಬಿಡಲಿಲ್ಲ.

ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದು ಮೊಣಕಾಲು ನೀರು ಉಳಿದಾಗ ಊರಲ್ಲಿ ತಮಟೆ ಹೊಡೆಸುತ್ತಿದ್ದರು, ನಾಳೆ ಕೆರೆಗೆ ಇಳಿಯುವುದು ಎಂದು. ಕೂಳಿ, ಮಂಕರಿ, ಹಳೆಯ ಸೀರೆ, ಬರಿಗೈ, ಯಾರಿಗೆ ಏನಿದೆಯೋ ಅದು. ಕೆಸರು ಕಲಕಿದರೆ ಮೀನು ಉಸಿರಿಗೆ ಮೇಲೆ ಬರುತ್ತಿದ್ದವು. ಕೊರವ ಹಿಡಿದವನು ಅವತ್ತಿನ ಗಂಡುಗಲಿ; ಅದು ಕೈಯಿಂದ ಜಾರುವ ರಭಸ ಅಂಥದ್ದು. ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ನಳ್ಳಿ ಹಿಡಿಯುವವರು ಬೇರೆ. ಸಂಜೆ ಊರಿನ ಪ್ರತಿ ಮನೆಯಿಂದಲೂ ಒಂದೇ ವಾಸನೆ. ಗಂಡಸರಿಲ್ಲದ ಮನೆಗೂ ಪಾಲು ಹೋಗುತ್ತಿತ್ತು. ಇಗ್ಗಲೂರಿನಲ್ಲಿ ಶಿಂಷಾ ನದಿಗೆ ಕಟ್ಟಿದ ಬ್ಯಾರೇಜಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳಿಗೆ ತುಂಬಿಸುವ ಯೋಜನೆ ಬಂದ ಮೇಲೆ ಎಷ್ಟೋ ಕೆರೆಗಳು ಬೇಸಿಗೆಯಲ್ಲೂ ಬತ್ತುವುದಿಲ್ಲ. ಅದು ಊರಿಗೆ ಆದ ದೊಡ್ಡ ಉಪಕಾರ. ಕೊಳವೆಬಾವಿಗಳಿಗೆ ಜೀವ ಬಂತು, ತೆಂಗು ಉಳಿಯಿತು. ಕೆರೆಯ ಮೀನನ್ನು ಈಗ ಟೆಂಡರು ಹಿಡಿದವರು ಮರಿ ಬಿಟ್ಟು ಬೆಳೆಸುತ್ತಾರೆ, ಬಲೆ ಹಾಕಿ ತೂಗಿ ಮಾರುತ್ತಾರೆ. ತಮಟೆ ನಿಂತಿತು. ನೀರು ನಿಂತದ್ದಕ್ಕೆ ನನಗೆ ಸಂತೋಷವಿದೆ, ಪಾಲು ಹೋಗುತ್ತಿದ್ದ ಆ ಸಂಜೆ ಇಲ್ಲವಾದದ್ದಕ್ಕೆ ದುಃಖವೂ ಇದೆ. ಒಂದರಿಂದ ಇನ್ನೊಂದು ಕಡಿಮೆಯಾಗುವುದಿಲ್ಲ.

ನಮ್ಮ ಮೀನು ಯಾವುದು ಎಂದು ಕೇಳಿಕೊಂಡರೆ ಉತ್ತರ ನಾವು ಅಂದುಕೊಂಡಷ್ಟು ಸಲೀಸಲ್ಲ. ಅವ್ವ ‘ನಮ್ಮ ಕೆರೆ ಮೀನು’ ಎನ್ನುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯ ನದಿಗಳವು. ಅವು ಹರಿಯುವ ಹೊಳೆಯಲ್ಲಲ್ಲದೆ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದರು. ಆ ದಿನವನ್ನೇ ದೇಶ ಈಗ ಮೀನು ಕೃಷಿಕರ ದಿನ ಎಂದು ಆಚರಿಸುತ್ತದೆ. ಆಮೇಲೆಯೇ ಮರಿಗಳು ಡ್ರಮ್ಮಿನಲ್ಲಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಕೆರೆಗಳವರೆಗೆ ಬಂದದ್ದು. ನಾವು ಜಿಲೇಬಿ ಎನ್ನುವ ತಿಲಾಪಿಯಾ ಆಫ್ರಿಕಾ ಮೂಲದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ನಿಜವಾಗಿ ಈ ನೀರಿನದ್ದೇ ಆದ ಮೀನು ನೋಡಬೇಕಾದರೆ ನಮ್ಮ ಕಣ್ವ ಹೊಳೆ ಶಿಂಷೆಗೆ ಸೇರಿ, ಶಿಂಷೆ ಕಾವೇರಿಗೆ ಸೇರುವತ್ತ ಹೋಗಬೇಕು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್, ನಮ್ಮವರ ಬಿಳಿಮೀನು, ಆ ಕಡೆಯದ್ದು. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅತ್ಯಂತ ಗಂಭೀರ ಸ್ಥಿತಿಯದ್ದೆಂದು ಸೇರಿಸಿದರು. ನಮ್ಮದೇ ನೀರಿನ ಮೀನು ಕಣ್ಣಿಗೆ ಬೀಳುವುದೇ ಅಪರೂಪವಾಗಿ, ಗಂಗೆಯದು ನಮ್ಮದಾಗಿ, ಮಲ್ಪೆಯದು ಈಗ ಹೊಸದಾಗಿ ಬಂದಿದೆ. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ತಟ್ಟೆಯ ಮುಂದೆ ಕೂತು ಗೆರೆ ಎಳೆಯಲು ನನಗೆ ಆಗಲಿಲ್ಲ.

ಆದರೂ ಅವ್ವನ ಪ್ರಶ್ನೆ ನಿಲ್ಲುತ್ತದೆ. ಅವಳು ಕೇಳಿದ್ದು ಮೀನಿನ ಮೂಲವನ್ನಲ್ಲ, ಅದು ಬೆಳೆದ ನೀರನ್ನು. ನಮ್ಮ ಕಡೆ ಮೀನು ಕೊಳ್ಳುವಾಗ ಬೆಲೆಗೆ ಮೊದಲು ಕೇಳುವುದೇ ಯಾವ ಕೆರೇದು ಎಂದು. ಕೆಸರಿನ ಕೆರೆಯ ಮೀನಿಗೆ ಕೆಸರಿನ ವಾಸನೆ, ಕಲ್ಲು ನೆಲದ ಕೆರೆಯದ್ದು ಬಿಗಿ ಮಾಂಸ. ಇದು ಬರಿಯ ರುಚಿಯ ಮಾತಾಗಿ ಈಗ ಉಳಿದಿಲ್ಲ. ಬೆಂಗಳೂರಿನ ಕೊಳಚೆ ಹೊತ್ತು ತರುವ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಬೀಳುತ್ತದೆ. ನೊರೆ ಕಟ್ಟಿ ಹರಿಯುವ ಆ ನೀರನ್ನು ನಮ್ಮ ಜಿಲ್ಲೆಯವರು ದಿನಾ ಕಾಣುತ್ತಿದ್ದಾರೆ. ಕಾಟ್ಲಾ ಎಲ್ಲ ಕೆರೆಯಲ್ಲೂ ಕಾಟ್ಲಾದ ಹಾಗೇ ಕಾಣುತ್ತದೆ. ಎಲ್ಲಿಯದು ಎಂದು ಕೇಳದೆ ಹೋದರೆ ಹೊಟ್ಟೆಗೆ ಹೋಗುವುದು ಮೀನೊಂದೇ ಅಲ್ಲ. ಸಮುದ್ರದ ಮೀನಿಗೂ ಈ ಮಾತು ಬೇಕು. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆಯವರು ‘ಆಪರೇಷನ್ ಸಾಗರ ರಾಣಿ’ ಎಂದು ಚೆಕ್‌ಪೋಸ್ಟುಗಳಲ್ಲಿ ಲಾರಿ ತಡೆದು, ಫಾರ್ಮಲಿನ್ ಬೆರೆಸಿದ ಮೀನನ್ನು ಹಿಡಿದರು. ಶವ ಕೆಡದಂತೆ ಇಡುವ ರಾಸಾಯನಿಕ ಅದು. ಮಲ್ಪೆಯಿಂದ ಇಲ್ಲಿಗೆ ಸುಮಾರು 400 ಕಿಲೋಮೀಟರು. ಅಷ್ಟು ದೂರ ಮೀನನ್ನು ಕಾಯಬೇಕಾದದ್ದು ಐಸು ಮಾತ್ರ. “ಮೀನಿನಷ್ಟೇ ತೂಕದ ಐಸು ಹಾಕುತ್ತೇವೆ, ದುಡ್ಡು ಉಳಿಸಲು ಹೋದರೆ ಮೀನು ಉಳಿಯುವುದಿಲ್ಲ,” ಎಂದರು ಮಾಲೀಕರು. ಅದಕ್ಕೇ ತೊಟ್ಟಿಯನ್ನು ಬಾಗಿಲಲ್ಲಿ, ಎಲ್ಲರ ಕೈಗೆಟುಕುವಂತೆ ಇಟ್ಟಿರುವುದು. ಮುಟ್ಟಿ ನೋಡುವ ಗಿರಾಕಿ ಬಂದರೆ ಅವರಿಗೆ ಧೈರ್ಯವಂತೆ.

ಕರಾವಳಿಯವರ ಮುಂದೆ ನನಗೆ ಸಂಕಟವಾದದ್ದು ಒಂದೇ ವಿಷಯಕ್ಕೆ. ಅವರ ಮೀನಿಗೆ ಹೆಸರಿದೆ, ಬೋರ್ಡಿದೆ, ಯಾವ ತಿಂಗಳು ಯಾವುದು ಒಳ್ಳೆಯದು ಎಂಬ ಮಾತಿದೆ. ಬೂತಾಯಿ, ಕಾಣೆ, ನಂಗ್, ಕೊಡ್ಡಾಯಿ ಎಂದು ಹತ್ತಾರು ಹೆಸರನ್ನು ಆ ಹುಡುಗ ಉಸಿರು ತೆಗೆಯದೆ ಹೇಳಿದ. ನಮ್ಮ ಕೆರೆ ಮೀನಿನ ಸಾರು ಅದಕ್ಕಿಂತ ಕಡಿಮೆಯದ್ದಲ್ಲ. ಮೀನನ್ನು ಒಲೆ ಬೂದಿಯಲ್ಲಿ ಹೊರಳಿಸಿ, ಒರಟು ಕಲ್ಲಿನ ಮೇಲೆ ತಿಕ್ಕಿ, ಲೋಳೆ ಹೋಗುವ ತನಕ ನಾಲ್ಕಾರು ನೀರಲ್ಲಿ ತೊಳೆಯಬೇಕು. ಧನಿಯ, ಮೆಣಸು, ಚಿಟಿಕೆ ಮೆಂತ್ಯ ಹುರಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿಯ ಜೊತೆ ಅರೆಯಬೇಕು. ಹುಣಸೆ ರಸ ಚೆನ್ನಾಗಿ ಕುದಿದು ಹಸಿ ವಾಸನೆ ಹೋದ ಮೇಲೆಯೇ ಮೀನು ಬಿಡಬೇಕು. ಮಾವಿನಕಾಯಿ ಕಾಲವಾದರೆ ನಾಲ್ಕು ಹೋಳು. ಮೀನು ಬಿದ್ದ ಮೇಲೆ ಸೌಟು ಮುಟ್ಟಿಸಬಾರದು. ಇಷ್ಟು ಗೊತ್ತಿದ್ದೂ ಈ ಊರಿನಲ್ಲಿ ಯಾವ ಹೋಟೆಲಿನವರೂ ‘ಕಣ್ವದ ಮೀನು, ನಮ್ಮೂರ ಸಾರು’ ಎಂದು ದೊಡ್ಡಕ್ಷರದಲ್ಲಿ ಬರೆಸಿ ನೇತುಹಾಕಿದ್ದನ್ನು ನಾನು ನೋಡಿಲ್ಲ. ಕಣ್ವ ಜಲಾಶಯದ ಕಡೆ ಮೀನು ಹುರಿದು ಕೊಡುವವರಿದ್ದಾರೆ, ಭಾನುವಾರ ಜನ ಮುತ್ತುತ್ತಾರೆ. ಸಾರು ಮಾತ್ರ ಮನೆಯೊಳಗೇ ಉಳಿಯಿತು. ಅದನ್ನು ಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ.

ಊಟ ಮುಗಿಯುವ ಹೊತ್ತಿಗೆ ಅಡಿಗೆಯವರೇ ಹೊರಗೆ ಬಂದರು. ಐವತ್ತರ ಆಸುಪಾಸು, ಹೆಗಲಲ್ಲಿ ಟವೆಲು. “ಸಾರು ಗಟ್ಟಿಯಾಯಿತು ಎಂದವರು ಯಾರು?” ಎಂದು ಕೇಳಿದರು, ಬೇಸರವಿಲ್ಲದ ದನಿಯಲ್ಲಿ. ಅವ್ವ ತಾನೇ ಎಂದಳು. ಹಾಗಾದರೆ ನೀವು ಹೇಗೆ ಮಾಡುತ್ತೀರಿ ಹೇಳಿ ಎಂದು ಎದುರಿನ ಕುರ್ಚಿಯಲ್ಲಿ ಕೂತರು. ಅವ್ವ ಮೇಲೆ ನಾನು ಬರೆದದ್ದನ್ನೆಲ್ಲ ನನಗಿಂತ ಚೆನ್ನಾಗಿ ಹೇಳಿದಳು. ಸೌಟಿನ ಮಾತು ಬಂದಾಗ ಅವರು ಮುಂದಕ್ಕೆ ಬಾಗಿದರು.

“ನಮ್ಮಲ್ಲಿ ಕೂಡ ಹಾಗೇ ಅಮ್ಮ. ಸೌಟು ಹಾಕಿದರೆ ನಮ್ಮಮ್ಮ ಬಯ್ಯುತ್ತಿದ್ದರು. ಮಣ್ಣಿನ ಅಳಗೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಹೀಗೆ ತಿರುಗಿಸುವುದು, ಅಷ್ಟೇ.”

ಅವರು ಗಾಳಿಯಲ್ಲಿ ಅಳಗೆ ಹಿಡಿದು ತಿರುಗಿಸಿ ತೋರಿಸಿದರು. ಅವ್ವನೂ ಅದೇ ಹೊತ್ತಿಗೆ ತನ್ನ ಮಡಕೆಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದಳು. ಎರಡು ಜೊತೆ ಕೈ, ಒಂದೇ ತಿರುವು. “ಮಾರನೆ ದಿನಕ್ಕೆ ರುಚಿ ಜಾಸ್ತಿ,” ಎಂದಳು ಅವ್ವ. “ಹೌದು, ಬೆಳಿಗ್ಗೆ ಗಂಜಿಗೆ,” ಎಂದರು ಅವರು. “ನಮಗೆ ತಂಗಳು ಮುದ್ದೆಗೆ,” ಎಂದಳು ಇವಳು.

ಆಮೇಲೆ ಅವರು ಕೇಳಿದ್ದು: ಇಲ್ಲಿಯ ಮೀನು ಎಲ್ಲಿ ಚೆನ್ನಾಗಿ ಸಿಗುತ್ತದೆ? ಮುಂದಿನ ಜೂನ್, ಜುಲೈಗೆ ಕಡಲು ಮತ್ತೆ ಮುಚ್ಚುತ್ತದೆ, ಆ ಎರಡು ತಿಂಗಳು ಕೆರೆಯ ಮೀನನ್ನೇ ಮಾಡಿದರೆ ಜನ ತಿನ್ನುತ್ತಾರಾ? ಅವ್ವ ನನ್ನ ಮುಖ ನೋಡಿ, “ಬರೋ ಭಾನ್ವಾರ ಇವ್ರನ್ನ ಕಣ್ವಕ್ಕೆ ಕರ್ಕೊಂಡೋಗು. ನಾನೂ ಬತ್ತೀನಿ,” ಎಂದಳು.

ಹೋದೆವು. 1946ರಲ್ಲಿ ಕಟ್ಟಿದ ಆ ಅಣೆಕಟ್ಟಿನ ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ತೆಪ್ಪದವರು ರಾತ್ರಿ ಬಿಟ್ಟ ಬಲೆ ಎತ್ತಿ ದಡಕ್ಕೆ ಬಂದರು. ಮಲ್ಪೆಯ ದಕ್ಕೆಯಲ್ಲಿ ದೋಣಿಗಟ್ಟಲೆ ಮೀನು ಕಂಡ ಮನುಷ್ಯ ನಮ್ಮ ಒಂದು ಬುಟ್ಟಿ ಮೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೂ ಎತ್ತಿ ಕಿವಿರಿಗೆ ಹೆಬ್ಬೆರಳು ಹಾಕಿ ನೋಡಿದರು, ಥೇಟ್ ಅವ್ವನ ಹಾಗೇ. ಇದರ ಹೆಸರೇನು, ಇದರದ್ದೇನು ಎಂದು ಕೇಳುತ್ತಾ ಹೋದರು. ಅವ್ವ ಹೇಳುತ್ತಾ ಹೋದಳು. ಬೆರಳುದ್ದದ ಬೆಳ್ಳಿ ಬಣ್ಣದ ಒಂದು ಮೀನಿನ ಹೆಸರು ಅವಳ ನೆನಪಿಗೆ ಬರಲಿಲ್ಲ. ಚಿಕ್ಕವಳಿದ್ದಾಗ ಗೊತ್ತಿತ್ತು ಎಂದು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಳು. ತೆಪ್ಪದ ಹುಡುಗನಿಗೂ ಗೊತ್ತಿರಲಿಲ್ಲ.

ಅಡಿಗೆಯವರು ಮೂರು ಕೆ.ಜಿ. ಗೆಂಡೆ, ಎರಡು ಕೊರವ ತೂಗಿಸಿಕೊಂಡರು. ಕಾರಿನ ಹತ್ತಿರ ಬಂದಾಗ ಅವ್ವ ಕೇಳಿದಳು, “ಹೋಟ್ಲಲ್ಲಿ ಬೂದಿ ಐತಾ?” ಗ್ಯಾಸಿನ ಒಲೆ, ಬೂದಿ ಎಲ್ಲಿಯದು ಎಂದರು ಅವರು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ನಮ್ಮ ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು, ಒಂದು ಚೀಲಕ್ಕೆ ತುಂಬಿ, ಸ್ಕೂಟರಿನಲ್ಲಿ ಆ ಹೋಟೆಲಿನ ಹಿಂಬಾಗಿಲಿಗೆ ಮುಟ್ಟಿಸಿ ಬಂದೆ.